ಎರಡು ಕುದುರೆಗೆ ಮೂರು ಕುಪ್ಪೆ ಹುಲ್ಲು

ಪಕ್ಕದಲ್ಲಿ ಕುಳಿತು ಉಣ್ಣುತ್ತಿರುವವರು ಅಗಿಯುವುದನ್ನು ಥಟ್ಟನೆ ನಿಲ್ಲಿಸಿದರೆ ನನ್ನ ಕೈ ಇವತ್ತಿಗೂ ತಣ್ಣಗಾಗುತ್ತದೆ. ಮನೆಯಲ್ಲಿ ಎಲ್ಲರಿಗೂ ಇದು ಗೊತ್ತು. ಅನ್ನದಲ್ಲಿ ಕಲ್ಲು ಸಿಕ್ಕಿ ಬಾಯಿ ನಿಂತರೆ ನನ್ನ ಹೆಂಡತಿ ಮೊದಲು ನನ್ನ ಮುಖ ನೋಡುತ್ತಾಳೆ. "ಏನಿಲ್ಲರಿ, ಹಳ್ಳು ಬಂತು. ಉಣ್ರಿ ನೀವು" ಅನ್ನುತ್ತಾಳೆ. ಆಮೇಲೆ ಕಲ್ಲು ತೆಗೆದು ತಾಟಿನ ಅಂಚಿಗೆ ಇಡುತ್ತಾಳೆ.

ಇಲಾಖೆಗೆ ಹೊಸದಾಗಿ ಸೇರಿದ ಹುಡುಗರು ಆಗಾಗ ಬಂದು, ಸರ್, ನಿಮ್ಮ ಅನುಭವ ಬರೆಯಿರಿ ಎನ್ನುತ್ತಾರೆ. ಎಲ್ಲಿಂದ ಎಲ್ಲಿಗೆ ವರ್ಗವಾಯಿತು, ಯಾವಾಗ ಬಡ್ತಿ ಸಿಕ್ಕಿತು ಎಂಬುದನ್ನು ಬರೆದರೆ ಅವರಿಗೆ ಏನು ಸಿಕ್ಕೀತು? ಸವದತ್ತಿ, ಬೈಲಹೊಂಗಲ, ಕಿತ್ತೂರು, ರಾಮದುರ್ಗ ಎಂದು ಸುತ್ತಿದ ಆ ಮೊದಲ ಹತ್ತು ವರ್ಷಗಳಲ್ಲಿ ಸಾವಿರಾರು ದನಗಳಿಗೆ ಸೂಜಿ ಚುಚ್ಚಿದೆ. ಅವುಗಳಲ್ಲಿ ಒಂದರ ಮುಖವೂ ನೆನಪಿಲ್ಲ. ನೆನಪಿರುವುದು ಎರಡು ಕುದುರೆಗಳು ಮತ್ತು ಒಬ್ಬ ಮನುಷ್ಯ. ಅದನ್ನೇ ಬರೆಯುತ್ತೇನೆ.

ಮೊದಲು ನಾನು ಎಂಥ ಡಾಕ್ಟರನಾಗಿದ್ದೆ ಎಂದು ಹೇಳಬೇಕು.

ನಾವು ಮುಂಬಯಿಯಲ್ಲಿ ಕಲಿಯುವಾಗ ಪುಸ್ತಕವೆಲ್ಲ ಕುದುರೆಯದೇ. ಬಿಳಿಯರ ದಂಡಿಗೆ ಕುದುರೆ ಬೇಕಾಗಿತ್ತು. ಹಾಗಾಗಿ ನಾವು ಎಲುಬು ಎಣಿಸಿದ್ದೂ ಕುದುರೆಯದು, ಹಲ್ಲು ನೋಡಿ ವಯಸ್ಸು ಹೇಳಲು ಕಲಿತದ್ದೂ ಕುದುರೆಯದು. ಎಮ್ಮೆ, ಎತ್ತು ಕೊನೆಯ ವರ್ಷದಲ್ಲಿ ಅವಸರದಲ್ಲಿ ಬಂದು ಹೋದವು. ಬಿಳಿಯರು ಹೋದರು, ನಾನು ಪದವಿ ಹಿಡಿದುಕೊಂಡು ಸವದತ್ತಿಗೆ ಬಂದೆ. ನಮ್ಮಪ್ಪ ರಾಮದುರ್ಗದಲ್ಲಿ ಪುರಾಣ ಹೇಳುತ್ತಿದ್ದರು. ಸುದ್ದಿ ಕೇಳಿ, "ಇರಲಿ, ನಮ್ಮ ಮನ್ಯಾಗ ಒಬ್ಬನರೆ ಮಂದಿಗೆ ಬೇಕಾದ ಕೆಲಸಾ ಮಾಡ್ಲಿ" ಅಂದರು. ಹೊಗಳಿದರೋ ಬೈದರೋ ತಿಳಿಯಲಿಲ್ಲ.

ಬಂದು ನೋಡಿದರೆ ತಾಲೂಕಿನ ತುಂಬ ಎತ್ತು, ಎಮ್ಮೆ. ಕುದುರೆ ಎಂದರೆ ಟಾಂಗಾದ ತಟ್ಟುಗಳು, ದೊಡ್ಡ ಮನೆತನಗಳ ವಾಡೆಗಳಲ್ಲಿ ಉಳಿದ ಒಂದೊಂದು ಮುದಿ ಪ್ರಾಣಿ. ಅವು ಸಿಕ್ಕಾಗ ನನಗೆ ಹಬ್ಬ. ಒಮ್ಮೆ ಕಿತ್ತೂರಿನಲ್ಲಿ ಟಾಂಗಾದವನೊಬ್ಬ ಕುಂಟುವ ತಟ್ಟು ತಂದ. ನಾನು ಅದನ್ನು ಹತ್ತು ಸಲ ಆ ಕಡೆ ಈ ಕಡೆ ನಡೆಸಿದೆ. ಹೆಗಲು ಅದುಮಿ ನೋಡಿ ಸ್ನಾಯು, ನರ ಎಂದು ಅರ್ಧ ಗಂಟೆ ವಿವರಿಸಿದೆ. ಲಾಳ ಹೊಡೆಯುವ ನಾಲಬಂದ ಗಿಡದ ಕೆಳಗೆ ಕುಳಿತು ಬೀಡಿ ಸೇದುತ್ತಿದ್ದ. ಬೀಡಿ ಮುಗಿಸಿ ಎದ್ದು ಬಂದ.

"ಹೆಗಲಾ ಆಮ್ಯಾಲ ನೋಡೂಣ್ರಿ ಸಾಹೇಬ್ರ. ಮೊದಲ ಕಾಲು ಎತ್ತೂಣು."

ಗೊರಸು ಎತ್ತಿದ, ಇಕ್ಕಳ ಹಾಕಿ ಒಂದು ಮೊಳೆ ಕಿತ್ತ, ಅದನ್ನು ನನ್ನ ಅಂಗೈಯಲ್ಲಿಟ್ಟ. "ಇದನ್ನ ನಿಮ್ಮ ಪುಸ್ತಕದಾಗ ಇಟಗೋರಿ. ಓದಿದ್ದು ಎಲ್ಲಿತನಾ ಬಂತು ಅಂತ ಗುರ್ತು ಸಿಗತೈತಿ."

ಸುತ್ತ ನಿಂತವರೆಲ್ಲ ನಕ್ಕರು, ನಾನೂ ನಕ್ಕೆ. ಮೊಳೆಯನ್ನು ಇಟ್ಟುಕೊಂಡೆ. ಅವನು ಹೇಳಿದ್ದನ್ನು ಇಟ್ಟುಕೊಳ್ಳಲಿಲ್ಲ. ಇಟ್ಟುಕೊಂಡಿದ್ದರೆ ಮುಂದಿನದನ್ನು ಬರೆಯುವ ಪ್ರಸಂಗ ಬರುತ್ತಿರಲಿಲ್ಲ.

ಮುರಗೋಡದ ದಾರಿಯಿಂದ ಒಳಗೆ ಹೋದರೆ ಒಂದು ಊರು. ಹೆಸರು ಬೇಡ. ಅಲ್ಲಿ ಒಬ್ಬ ದೊಡ್ಡ ಒಕ್ಕಲುತನದ ದೇಸಾಯರು. ಅವರ ವಾಡೆಯಲ್ಲಿ ಇಪ್ಪತ್ತು ಎತ್ತು, ಒಂದೇ ಕುದುರೆ. ಅದು ಕಾಶಿ ಎಂಬ ಬಿಳಿ ಹೆಣ್ಣು ಕುದುರೆ. ಹದಿನೆಂಟು ತುಂಬಿತ್ತು. ಬೆನ್ನು ತುಸು ಬಾಗಿತ್ತಾದರೂ ಅಂಗಳದಲ್ಲಿ ಅವಳದೇ ದರಬಾರು. ಅವಳು ನೀರು ಕುಡಿದು ಪಕ್ಕಕ್ಕೆ ಸರಿಯುವವರೆಗೆ ಎತ್ತುಗಳು ಕಲ್ಲಿನ ನೀರುದೋಣಿಯ ಹತ್ತಿರ ಬರುತ್ತಿರಲಿಲ್ಲ. ನಾಯಿಗಳು ಅವಳ ನೆರಳನ್ನೂ ತಪ್ಪಿಸಿ ಸುತ್ತಿ ಹೋಗುತ್ತಿದ್ದವು. ದೇಸಾಯರ ತಾಯಿಯನ್ನು ಊರೆಲ್ಲ ದೊಡ್ಡವ್ವ ಎನ್ನುತ್ತಿತ್ತು. ಅವರು ನನಗೆ ಹೇಳಿದ್ದು: "ಈ ಮನ್ಯಾಗ ನನ್ನ ಮಾತ ಕೇಳಲಾರದವರು ಇಬ್ಬರ ನೋಡಪಾ. ಒಬ್ಬಾಂವ ನನ್ನ ಮಗಾ, ಇನ್ನೊಬ್ಬಾಕಿ ಕಾಶಿ. ಮಗಾ ಬೇಕಾದ್ರ ಒಮ್ಮೊಮ್ಮೆ ಕೇಳತಾನ."

ಆ ವರ್ಷ ದೇಸಾಯರು ತಮ್ಮ ಇಬ್ಬರು ಗಂಡುಮಕ್ಕಳ ಮದುವೆಯನ್ನು ಒಂದೇ ಹಂದರದಲ್ಲಿ ಇಟ್ಟುಕೊಂಡಿದ್ದರು. ಇಬ್ಬರು ಮದುಮಕ್ಕಳಿಗೂ ಕುದುರೆ ಬೇಕು. ಒಬ್ಬ ಮುಂದೆ ಒಬ್ಬ ಹಿಂದೆ ಆಗಬಾರದು, ಎರಡು ಕುದುರೆ ಜೋಡಿಯಾಗಿ ನಡೆಯಬೇಕು. ಇದು ದೊಡ್ಡವ್ವನ ಹಟ. ರಾಮದುರ್ಗದ ಸಂಸ್ಥಾನ ವಿಲೀನವಾಗಿ ಆಗ ಎರಡನೇ ವರ್ಷ. ಲಾಯದ ಕುದುರೆಗಳು ಒಂದೊಂದಾಗಿ ಕೈಬದಲಾಗುತ್ತಿದ್ದವು. ದೇಸಾಯರು ಅಲ್ಲಿಂದ ಹೀರಾ ಎಂಬ ಏಳು ವರ್ಷದ ಕಂದು ಹೆಣ್ಣು ಕುದುರೆಯನ್ನು ಕೊಂಡು ತಂದರು. ಅದರ ಹಿಂದೆ, ಹಗ್ಗ ಹಿಡಿದುಕೊಂಡು, ಇಮಾಮಸಾಬನೂ ಬಂದ.

ಇಮಾಮಸಾಬ ಕುದುರೆ ನೋಡಿಕೊಳ್ಳುವ ಮೋತದ್ದಾರ. ಮೂವತ್ತು ವರ್ಷ ಆ ಲಾಯದಲ್ಲಿ ಕಳೆದವನು. ಅರವತ್ತು ದಾಟಿತ್ತು. ಬಿಳಿ ಗಡ್ಡ, ಬಾಗಿದ ಕಾಲು. ಮಾತಾಡುವಾಗ ಕುದುರೆಯ ಕಡೆ ನೋಡುತ್ತ ಮಾತಾಡುತ್ತಿದ್ದ. ಹೀರಾ ಹುಟ್ಟಿದಾಗ ಅದನ್ನು ಹೊರಗೆ ಎಳೆದವನು ಅವನೇ. ದೇಸಾಯರು ಅವನಿಗೆ ಹೇಳಿದ್ದನ್ನು ನನ್ನ ಎದುರೇ ಇನ್ನೊಮ್ಮೆ ಹೇಳಿದರು.

"ನೋಡ ಇಮಾಮ್ಯಾ, ಕುದುರಿ ನಮ್ಮ ಮನಿಗೆ ಹೊಂದಿತು, ನೀನೂ ಇಲ್ಲೇ ಇರು. ಹಿತ್ತಲದಾಗ ಖೋಲಿ ಐತಿ, ಕೊಡತೇನಿ. ಹೊಂದಲಿಲ್ಲ, ಇಬ್ಬರೂ ಬಂದ ಹಾದಿ ಹಿಡೀರಿ."

ಬಂದ ಹಾದಿಯ ಕೊನೆಯಲ್ಲಿ ಲಾಯವೇ ಉಳಿದಿರಲಿಲ್ಲ. ಅದು ದೇಸಾಯರಿಗೂ ಗೊತ್ತಿತ್ತು, ಇಮಾಮಸಾಬನಿಗೂ ಗೊತ್ತಿತ್ತು.

ಹೊರಗಿನಿಂದ ಬಂದ ಕುದುರೆಯನ್ನು ಏಳು ದಿನ ದೂರ ಇಟ್ಟು, ಕುದುರೆಯಿಂದ ಕುದುರೆಗೆ ಅಂಟುವ ರೋಗ ಇಲ್ಲವೆಂದು ಪರೀಕ್ಷೆ ಮಾಡಬೇಕೆಂದು ನಾನು ಹೇಳಿದೆ. ಪುಸ್ತಕದ ಮಾತು, ಸರಿಯಾದ ಮಾತು. ಊರ ಹೊರಗೆ ದೇಸಾಯರು ಹತ್ತಿ ತುಂಬಿಡುವ ವಖಾರ ಖಾಲಿ ಇತ್ತು. ಹೀರಾಳನ್ನು ಅಲ್ಲಿ ಕಟ್ಟಿಸಿದೆ. ವಾಡೆಯಿಂದ ಅದು ಅರ್ಧ ಮೈಲು. ಕಾಶಿಗೆ ಹೀರಾ ಕಾಣಿಸಲಿಲ್ಲ, ಕೇಳಿಸಲಿಲ್ಲ, ವಾಸನೆಯೂ ಹತ್ತಲಿಲ್ಲ.

ಮೂರನೇ ದಿನ ಪರೀಕ್ಷೆಗೆಂದು ಹೋದಾಗ ಇಮಾಮಸಾಬ ಹೀರಾಳ ಮೈ ತಿಕ್ಕುತ್ತಿದ್ದ.

"ಸಾಹೇಬ್ರ, ಒಂದ ಮಾತು. ಇದು ರೋಗದ ಏಳು ದಿನಾ. ಎರಡೂ ಕುದುರಿಗೆ ಪರಿಚಯ ಮಾಡಸೂ ದಿನಾ ಇದರಾಗ ಹಿಡೀಬ್ಯಾಡ್ರಿ."

"ಅದಕ್ಕ ಬ್ಯಾರೆ ದಿನಾ ಬೇಕೇನು?"

"ಹದಿನೈದರೆ ಬೇಕ್ರಿ. ಮೊದಲ ಈಕಿ ಮೈ ಒರಿಸಿದ ಅರಬಿ ಒಯ್ದು ಆಕಿ ಹತ್ರ ಹಾಕೂದು. ಆಕೀದು ತಂದು ಇಲ್ಲಿ ಹಾಕೂದು. ಆಮ್ಯಾಲ ದೂರಲೆ ತೋರಸೂದು. ಆಮ್ಯಾಲ ನಡಬರಕ ಗ್ವಾಡಿ ಇಟ್ಟು ಕಟ್ಟೂದು. ಆಮ್ಯಾಲ ಬಯಲಾಗ ಬಿಡೂದು. ಹಿರ್ಯಾಕಿ ಮುಂದ, ಕಿರ್ಯಾಕಿ ಹಿಂದ. ಹುಲ್ಲು ಹಾಕಬೇಕಾದ್ರ ಎರಡು ಕುದುರಿಗೆ ಮೂರು ಕುಪ್ಪಿ."

"ಮೂರ್ಯಾಕ? ಎರಡಕ್ಕ ಎರಡು ಸಾಕಲ್ಲ?"

ಅವನು ನಕ್ಕ. ಮುಂದಿನ ಎರಡು ಹಲ್ಲು ಇರಲಿಲ್ಲ. "ಎರಡ ಇದ್ರ ಹಿರ್ಯಾಕಿ ಒಂದರ ಮ್ಯಾಲ ನಿಂತು ಇನ್ನೊಂದನ್ನೂ ಕಾಯತಾಳ್ರಿ. ಮೂರ ಇದ್ರ ಓಡಿಸಿಕೊಂಡಾಕಿಗೆ ಯಾವಾಗ್ಲೂ ಒಂದ ಕುಪ್ಪಿ ಖಾಲಿ ಸಿಗತೈತಿ. ಹೋಗಾಕ ಜಾಗಾ ಇದ್ರ ಜಗಳ ಆಗೂದಿಲ್ಲ."

ನನಗೆ ಇದು ಮೋಜೆನಿಸಿತು. ಕಿಸೆಯ ಟಿಪ್ಪಣಿ ಪುಸ್ತಕದಲ್ಲಿ "ಎರಡು ಕುದುರೆ, ಮೂರು ಕುಪ್ಪೆ" ಎಂದು ಬರೆದುಕೊಂಡೆ. ಗೆಳೆಯರಿಗೆ ಹೇಳಿ ನಗಬಹುದು ಎಂದುಕೊಂಡಿದ್ದೆ. ಹೊರಡುವಾಗ ಅವನು ಕುದುರೆಯ ಕತ್ತಿನ ಮೇಲೆ ಕೈಯಿಟ್ಟುಕೊಂಡೇ ಅಂದ: "ಈಕಿ ಇಲ್ಲಿ ನಿಂತ್ರ ನಾನೂ ನಿಂತೆ, ಸಾಹೇಬ್ರ. ಕುದುರಿ ಬಿಟ್ರ ನನಗ ಏನೂ ಬರೂದಿಲ್ಲ. ಈಗ ಎಲ್ಲಾರೂ ಮೋಟಾರ ನೋಡಾಕ ಹತ್ಯಾರ. ಕುದುರಿ ಯಾರ ಇಟಗೋತಾರ?"

ಏಳನೆಯ ದಿನ ಸೋಮವಾರ. ಬೆಳಗಿನ ಬಸ್ಸಿಗೆ ಬಂದು ಹೀರಾಳನ್ನು ನೋಡಿದೆ. ಕಣ್ಣು, ಮೂಗು, ಗಂಟಲು, ಎಲ್ಲ ಸ್ವಚ್ಛ. ಹೇಳಲೆಂದು ವಾಡೆಗೆ ಹೋದರೆ ಅಂಗಳ ಸಾರಿಸಿ ರಂಗೋಲಿ ಹಾಕಿತ್ತು. ದೊಡ್ಡವ್ವ ಹೊಸ ಇಳಕಲ್ ಸೀರೆ ಉಟ್ಟು ಕುಳಿತಿದ್ದರು. ತಾಮ್ರದ ದೊಡ್ಡ ಪರಾತದಲ್ಲಿ ನೆನೆಸಿದ ಕಡಲೆ, ಬೆಲ್ಲ, ಕೊಬ್ಬರಿ ಕಲಸಿಟ್ಟಿತ್ತು.

ನಮ್ಮ ಕಡೆ ಮದುವೆಯಲ್ಲಿ ಭೂಮ ಇರುತ್ತದೆ. ಹೊಸ ಸೊಸೆಯನ್ನು ನಡುವೆ ಕೂರಿಸಿಕೊಂಡು ಮನೆಯವರೆಲ್ಲ ಒಂದೇ ದೊಡ್ಡ ತಾಟಿನಲ್ಲಿ ಉಣ್ಣುತ್ತಾರೆ. ಅಲ್ಲಿಂದ ಮುಂದೆ ಅವಳು ಮನೆಯವಳು. ಆ ವಾಡೆಯಲ್ಲಿ ಇದು ಮನುಷ್ಯರಿಗಷ್ಟೇ ಇರಲಿಲ್ಲ. ಹೊಸ ಎತ್ತು ತಂದರೂ ಹಳೆಯ ಎತ್ತಿನ ಜೊತೆ ಒಂದೇ ಪರಾತದಲ್ಲಿ ತಿನ್ನಿಸಿ ಆಮೇಲೆಯೇ ಒಂದು ನೊಗಕ್ಕೆ ಹೂಡುತ್ತಿದ್ದರು. ಎತ್ತುಗಳು ಸುಮ್ಮನೆ ತಿಂದು ಮುಗಿಸುತ್ತಿದ್ದವು. ಮೂರು ತಲೆಮಾರು ಹಾಗೇ ನಡೆದಿತ್ತು.

"ಚಲೋ ದಿನಾ ಐತಿ" ಅಂದರು ದೊಡ್ಡವ್ವ. "ಅತ್ತಿ ಸೊಸಿ ಇಬ್ಬರನೂ ಭೂಮಕ್ಕ ನಿಲ್ಲಸೂಣು."

ಇಮಾಮಸಾಬ ಕಟ್ಟೆಯ ಕೆಳಗೆ ನಿಂತಿದ್ದ. "ಯವ್ವಾ, ಇನ್ನೊಂದ ಹದಿನೈದು ದಿನಾ ತಡದ್ರ..."

"ಹದಿನೈದು ದಿನಕ್ಕ ಲಗ್ನ ಆಗಿ ಬೀಗರು ಊರ ಮುಟ್ಟಿರತಾರೋ" ಎಂದರು ದೇಸಾಯರು. ಆಳುಗಳು ನಕ್ಕರು. "ಏಳು ದಿನಾ ವಖಾರದಾಗ ಇಟ್ಟಿದ್ದು ಏನ ಪೂಜಾಕ್ಕೇನು? ನೀ ಏನ, ನನ್ನ ಕುದುರಿ ಹೊಂದೂದ ಬ್ಯಾಡ ಅಂತೀಯೋ?"

ಇಮಾಮಸಾಬ ಬಾಯಿ ಮುಚ್ಚಿದ.

ಆಗ ದೇಸಾಯರು ನನ್ನ ಕಡೆ ತಿರುಗಿದರು. "ಡಾಕ್ಟರ ಸಾಹೇಬ್ರ, ನೀವು ಮುಂಬೈದಾಗ ಕಲತವರು. ನೀವ ಹೇಳ್ರಿ. ಕೂಡಸಬಹುದೋ ಬ್ಯಾಡೋ?"

ಅಂಗಳದ ಅಷ್ಟೂ ಜನ ನನ್ನನ್ನು ನೋಡಿದರು. ಅವರು ಕೇಳಿದ್ದು ರೋಗದ ಬಗ್ಗೆ ಅಲ್ಲ ಎಂದು ನನಗೆ ಗೊತ್ತಿತ್ತು. ನಾನು ಓದಿದ ಯಾವ ಪುಸ್ತಕದಲ್ಲೂ ಎರಡು ಕುದುರೆಗಳನ್ನು ಹೇಗೆ ಪರಿಚಯಿಸಬೇಕೆಂಬ ಪಾಠ ಇರಲಿಲ್ಲ ಎಂಬುದೂ ಗೊತ್ತಿತ್ತು. ನನಗೆ ಇದು ಗೊತ್ತಿಲ್ಲ, ಇಮಾಮಸಾಬನನ್ನು ಕೇಳಿರಿ. ಇಷ್ಟು ಹೇಳಿದ್ದರೆ ಸಾಕಿತ್ತು. ಆದರೆ ಇಪ್ಪತ್ತೈದು ವರ್ಷದ ಹುಡುಗನನ್ನು ದೇಸಾಯರು ಸಾಹೇಬ ಎಂದು ಕರೆದು ನಾಲ್ಕು ಜನರ ಎದುರು ಕೇಳುತ್ತಿದ್ದರು.

"ಎರಡೂ ಹೆಣ್ಣು ಕುದುರಿ. ರೋಗ ಏನೂ ಇಲ್ಲ" ಅಂದೆ. "ಏನೂ ಅಡ್ಡಿ ಇಲ್ಲರಿ."

ಇಮಾಮಸಾಬ ನನ್ನನ್ನು ನೋಡಿದ. ಸಿಟ್ಟು ಇರಲಿಲ್ಲ. ಲೆಕ್ಕ ತಪ್ಪಿದವರು ನೋಡುವ ಹಾಗೆ ನೋಡಿದ. "ಸಾಹೇಬ್ರು ಅಂದ ಮ್ಯಾಲ ಆತು" ಎಂದು ಹೀರಾಳನ್ನು ತರಲು ಹೋದ.

ಅವನು ಒಂದನ್ನು ಮಾತ್ರ ಬೇಡಿಕೊಂಡ. "ದಿಡ್ಡಿ ಬಾಗಲಾ ತಗದ ಇಡ್ರಿ." ಭೂಮ ಮುಗಿಯುವ ಮೊದಲು ಹೊಸಬಳು ಹೊಸ್ತಿಲು ದಾಟಿ ಹೋದರೆ ಕೆಟ್ಟದ್ದು ಎಂದು ದೊಡ್ಡವ್ವ ಒಪ್ಪಲಿಲ್ಲ. ಹೀರಾ ಒಳಗೆ ಬಂದ ಮೇಲೆ ಎತ್ತಿನ ಆಳು ಯಲ್ಲಪ್ಪ ಬಾಗಿಲು ಮುಚ್ಚಿ ಅಗುಳಿ ಹಾಕಿದ. ಆ ಸದ್ದಿಗೆ ನಾನು ತಿರುಗಿ ನೋಡಿದೆ. ನೋಡಿ ಸುಮ್ಮನಾದೆ.

ಪರಾತವನ್ನು ಗೋಡೆಯ ಹತ್ತಿರ ಇಟ್ಟಿದ್ದರು. ಈ ಕಡೆ ಕಾಶಿ, ಹಗ್ಗ ಯಲ್ಲಪ್ಪನ ಕೈಯಲ್ಲಿ. ಆ ಕಡೆ ಹೀರಾ, ಹಗ್ಗ ಇಮಾಮಸಾಬನ ಕೈಯಲ್ಲಿ. ಹೀರಾಳ ಬೆನ್ನಿಗೆ ಗೋಡೆ. ದೊಡ್ಡವ್ವ ಇಬ್ಬರ ಹಣೆಗೂ ಕುಂಕುಮ ಹಚ್ಚಿ ಆರತಿ ಎತ್ತಿದರು. ಹೆಂಗಸರು ಹಾಡಿದರು. ಕಾಶಿ ಪರಾತಕ್ಕೆ ಬಾಯಿ ಹಾಕಿದಳು. ಹೀರಾ ತುಸು ತಡೆದು, ಕತ್ತು ಚಾಚಿ, ಅಂಚಿನಿಂದ ನಾಲ್ಕು ಕಾಳು ಎತ್ತಿಕೊಂಡಳು. "ನೋಡ್ರೆವ್ವಾ, ಹೆಂಗ ಉಣ್ಣಾಕ ಹತ್ಯಾರ" ಎಂದು ದೊಡ್ಡವ್ವ ನಕ್ಕರು. ಯಾರೋ ನನ್ನ ಕೈಯಲ್ಲಿ ಒಂದು ಕೊಬ್ಬರಿ ಚೂರು ಕೊಟ್ಟರು. ನಾನು ನಾಲ್ಕು ಹೆಜ್ಜೆ ದೂರದಲ್ಲಿದ್ದೆ. ಎರಡು ಬಾಯಿ ಕಡಲೆ ಅಗಿಯುವ ಸದ್ದು ಕೇಳುತ್ತಿತ್ತು. ನಾನು ಹೇಳಿದ್ದೇ ಸರಿಯಾಯಿತು ಎಂದುಕೊಂಡೆ.

ಆಮೇಲೆ ಒಂದೇ ಬಾಯಿಯ ಸದ್ದು ಉಳಿಯಿತು.

ಕಾಶಿ ಅಗಿಯುವುದನ್ನು ನಿಲ್ಲಿಸಿದ್ದಳು. ತಲೆ ಪರಾತದಲ್ಲೇ ಇತ್ತು. ಕಿವಿ ಇನ್ನೂ ಹಿಂದಕ್ಕೆ ಮಡಚಿರಲಿಲ್ಲ, ಬಾಲ ಅಲುಗಿರಲಿಲ್ಲ. ಕಿವಿ, ಬಾಲ ನೋಡಬೇಕೆಂದು ಪುಸ್ತಕದಲ್ಲಿತ್ತು, ನಾನು ಅವನ್ನೇ ನೋಡುತ್ತಿದ್ದೆ. ಬಾಯಿ ನಿಂತದ್ದನ್ನು ಇಡೀ ಅಂಗಳದಲ್ಲಿ ಕೇಳಿಸಿಕೊಂಡವರು ನಾವಿಬ್ಬರೇ, ನಾನು ಮತ್ತು ಇಮಾಮಸಾಬ. ನನಗೆ ಕೇಳಿತು, ಅರ್ಥವಾಗಲಿಲ್ಲ. ಅವನಿಗೆ ಅರ್ಥವಾಯಿತು. "ಹಗ್ಗಾ ಬಿಡೋ ಯಲ್ಲಪ್ಪಾ!" ಎಂದು ಕೂಗಿದ.

ಎತ್ತು ಹಿಡಿದು ಪಳಗಿದ ಕೈ ಹಗ್ಗ ಬಿಡುವುದಿಲ್ಲ. ಯಲ್ಲಪ್ಪ ಹಗ್ಗ ಇನ್ನೂ ಬಿಗಿ ಹಿಡಿದ. ಕಾಶಿ ಕಿರುಚಿ ಹೀರಾಳ ಕತ್ತು ಕಚ್ಚಿದಳು. ಹೀರಾ ಹಿಂದೆ ಸರಿದು ಗೋಡೆಗೆ ಬಡಿದಳು. ಹೋಗಲು ಜಾಗ ಇರಲಿಲ್ಲ. ಕಾಶಿ ಹಗ್ಗದ ತುದಿಯಲ್ಲೇ ಗಿರ್ರನೆ ತಿರುಗಿ ಹಿಂಗಾಲು ಎತ್ತಿದಳು. ಮೊದಲ ಒದೆ ಪರಾತಕ್ಕೆ ಬಿತ್ತು. ಆ ಸಮಯದಲ್ಲಿ ಇಮಾಮಸಾಬ ಹಗ್ಗ ಬಿಟ್ಟು ಎರಡು ಹೆಜ್ಜೆ ಪಕ್ಕಕ್ಕೆ ಬಂದಿದ್ದರೆ ಬದುಕುತ್ತಿದ್ದ. ನಾನು ಎಷ್ಟೋ ಸಲ ಆ ಎರಡು ಹೆಜ್ಜೆಗಳನ್ನು ಅವನ ಪರವಾಗಿ ಇಟ್ಟಿದ್ದೇನೆ. ಅವನು ಇಡಲಿಲ್ಲ. ಹೀರಾಳ ಮೋರೆಗೆ ಎರಡೂ ಕೈ ಕೊಟ್ಟು ಅವಳನ್ನು ಮೂಲೆಯ ಕಡೆ ದೂಡಿ ನಡುವೆ ನಿಂತ. ಎರಡನೆಯ ಒದೆ ಅವನ ಪಕ್ಕೆಲುಬಿನ ಕೆಳಗೆ ಬಿತ್ತು.

ದೊಡ್ಡ ಸದ್ದೇನೂ ಆಗಲಿಲ್ಲ. ಹಾಸಿಗೆ ಝಾಡಿಸಿದ ಹಾಗೆ ಆಯಿತು, ಅಷ್ಟೇ.

ಯಾರೋ ಬಾಗಿಲು ತೆಗೆದರು. ಕಾಶಿ ಹೊರಗೆ ಓಡಿದಳು. ಇಮಾಮಸಾಬ ಗೋಡೆಗೆ ಒರಗಿ ಕುಳಿತಿದ್ದ, ಕೈಯಲ್ಲಿ ಹೀರಾಳ ಹಗ್ಗ ಹಾಗೇ ಇತ್ತು. "ಏನಿಲ್ಲ, ಏನಿಲ್ಲ" ಅಂದ. ನೀರು ಕೊಟ್ಟರೆ ಕುಡಿದ. ಎದ್ದೂ ನಿಂತ. "ಮುದಕಿ ಕಾಲಾಗ ಇನ್ನೂ ಏನ ಜೋರ ಐತ್ರಿ!" ಎಂದು ನಕ್ಕ. ಎಲ್ಲರಿಗೂ ಉಸಿರು ಬಂತು. ದೇಸಾಯರು, "ಚಾ ಮಾಡ್ರಿ ಅವಂಗ" ಅಂದರು.

ನಾನು ಹತ್ತಿರ ಹೋದೆ. ಮೈಯೊಳಗೆ ರಕ್ತ ಸೋರುತ್ತಿರುವ ಪ್ರಾಣಿಯ ತುಟಿ ಎತ್ತಿ ಒಸಡು ನೋಡಬೇಕೆಂದು ನಮಗೆ ಕಲಿಸಿದ್ದರು. ಯೋಚನೆಗೆ ಮೊದಲೇ ನನ್ನ ಕೈ ಅವನ ತುಟಿ ಎತ್ತಿತು. ಅವನು ಸುಮ್ಮನೆ ತೋರಿಸಿದ. ಆ ಪರೀಕ್ಷೆ ಅವನಿಗೂ ಗೊತ್ತಿತ್ತು. ಒಸಡು ಸುಣ್ಣದ ಹಾಗೆ ಬೆಳ್ಳಗಿತ್ತು. ನನ್ನ ಕಣ್ಣು ನೋಡಿ ಅವನು ನಗುವುದನ್ನು ಬಿಟ್ಟ.

ಬೈಲಹೊಂಗಲದ ಆಸ್ಪತ್ರೆಗೆ ಚಕ್ಕಡಿ ಕಟ್ಟಿದರು. ಮಧ್ಯಾಹ್ನದ ಬಿಸಿಲು. ಹುಲ್ಲು ಹಾಸಿ, ಅದರ ಮೇಲೆ ಕಂಬಳಿ ಹಾಸಿ ಅವನನ್ನು ಮಲಗಿಸಿದ್ದೆವು. ಯಲ್ಲಪ್ಪ ಎತ್ತು ಹೊಡೆಯುತ್ತಿದ್ದ. ಅಳುತ್ತಲೂ ಇದ್ದ. ಪ್ರತಿ ಕುಳಿಗೂ ಇಮಾಮಸಾಬ ಕಣ್ಣು ಮುಚ್ಚುತ್ತಿದ್ದ. ಬೆವರು ತಣ್ಣಗಿತ್ತು. ಅರ್ಧ ದಾರಿಯಲ್ಲಿ ಮಾತಾಡಿದ.

"ಹೀರಾಗ ಪೆಟ್ಟ ಬಿತ್ತೇನ್ರಿ?"

"ಕತ್ತಿಗೆ ತುಸು ಗಾಯ ಆಗ್ಯದ. ಬ್ಯಾರೆ ಏನಿಲ್ಲ."

"ಕಾಶೀದೇನ ತಪ್ಪಿಲ್ರಿ. ಆಕಿ ಮನಿ ಅದು. ಕೇಳದ ಹೊಕ್ಕಿವಿ ನಾವು. ಧಣ್ಯಾರಿಗೆ ಹೇಳ್ರಿ. ಹೀರಾನ್ನ ಕಳಸಬ್ಯಾಡ್ರಿ ಅಂತ ಹೇಳ್ರಿ. ಹದಿನೈದು ದಿನಾ ಕೊಟ್ರ ಹೊಂದತಾಳ. ಅರಬಿ, ಗ್ವಾಡಿ, ಬಯಲು. ಮೂರ ಕುಪ್ಪಿ... ನೀವು ಬರಕೊಂಡಿದ್ರಲ್ಲ?"

"ಬರಕೊಂಡೇನಿ" ಅಂದೆ.

"ಹಂಗಾರ ಆತು" ಅಂದ.

ಬೈಲಹೊಂಗಲ ಕಾಣುವಷ್ಟರಲ್ಲಿ ಹೋಗಿಬಿಟ್ಟ. ನಾನು ಅವನ ಕೈ ಹಿಡಿಯಲು ಹೋದಾಗ ನನ್ನ ಮುಷ್ಟಿ ಬಿಚ್ಚಲಿಲ್ಲ. ಬೆರಳು ಒಂದೊಂದಾಗಿ ಬಿಡಿಸಿದೆ. ಒಳಗೆ ಕೊಬ್ಬರಿ ಚೂರು ಇತ್ತು. ಅಂಗಳದಿಂದ ಅಲ್ಲಿಯವರೆಗೆ ಹಿಡಿದುಕೊಂಡೇ ಬಂದಿದ್ದೆ.

ಮುಂದೆ ವರದಿ ಬರೆಯಬೇಕಾಯಿತು. ಇದ್ದದ್ದು ಇದ್ದ ಹಾಗೆ ಬರೆದೆ. "ನನ್ನ ಸಲಹೆಯ ಮೇರೆಗೆ ಎರಡೂ ಕುದುರೆಗಳನ್ನು ಒಂದುಗೂಡಿಸಲಾಯಿತು" ಎಂಬ ಸಾಲೂ ಅದರಲ್ಲಿತ್ತು. ಮೇಲಿನ ಸಾಹೇಬರು ನನ್ನನ್ನು ಕರೆಸಿ, ಕನ್ನಡಕ ಏರಿಸಿ ಓದಿದರು. ಒಳ್ಳೆಯ ಮನುಷ್ಯ, ನಿವೃತ್ತಿಗೆ ಹತ್ತಿರ ಬಂದವರು.

"ಈ ಸಾಲು ಯಾಕ ಬೇಕು?"

"ಆದದ್ದ ಹಂಗ ಅದರಿ."

"ನಿಮ್ಮನ್ನ ರೋಗಾ ನೋಡಾಕ ಕಳಿಸಿದ್ದು. ರೋಗ ಇರಲಿಲ್ಲ. ನಿಮ್ಮ ಕೆಲಸಾ ಅಲ್ಲಿಗೆ ಮುಗೀತು." ಕೆಂಪು ಪೆನ್ಸಿಲ್ಲಿನಿಂದ ಆ ಸಾಲು ಹೊಡೆದು ಹಾಕಿದರು. "ತಮ್ಮಾ, ಇಂಥಾ ಸಾಲು ಬರಕೋತ ಹೋದ್ರ ಈ ನೌಕರ್ಯಾಗ ಯಾರೂ ಉಳ್ಯೂದಿಲ್ಲ."

ನಾನು ಉಳಿದೆ. ವರದಿಯಲ್ಲಿ ಉಳಿದದ್ದು, ಕುದುರೆ ಒದ್ದು ಮೋತದ್ದಾರನ ಆಕಸ್ಮಿಕ ಮರಣ, ಎಂಬುದಷ್ಟೇ. ಈಗ ಬರುವ ಹುಡುಗರಿಗೆ ಹೇಳುವುದು ಇದು: ಪ್ರಾಣಿಗೆ ರೋಗ ಇಲ್ಲ ಎನ್ನುವುದು ಒಂದು ಮಾತು, ಪ್ರಾಣಿ ತಯಾರಾಗಿದೆ ಎನ್ನುವುದು ಇನ್ನೊಂದು ಮಾತು. ಮೊದಲನೆಯದಕ್ಕೆ ನಿಮ್ಮ ಬಳಿ ಔಷಧಿ ಇದೆ, ಸೂಜಿ ಇದೆ, ಈಗಂತೂ ಪ್ರಯೋಗಾಲಯವೇ ಇದೆ. ಎರಡನೆಯದು ಆ ಪ್ರಾಣಿಯ ಮೈ ತಿಕ್ಕುವವನಿಗೆ ಗೊತ್ತಿರುತ್ತದೆ. ಅವನು ಬಾಯಿ ಮುಚ್ಚಿದ್ದರೆ, ಯಾಕೆ ಮುಚ್ಚಿದ ಎಂದು ವಿಚಾರಿಸಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಿ. ನಾನು ಅದನ್ನು ಮುಂದೆ ಎಷ್ಟೋ ಸಲ ಹೇಳಿದೆ. ಒಂದು ದೊಡ್ಡ ಸಭೆಯಲ್ಲೂ ಹೇಳಿ ನಗೆಪಾಟಲಾದೆ. ಯಾರೂ ಸಾಯಲಿಲ್ಲ.

ಮದುವೆಗೆ ದೇಸಾಯರು ಹುಬ್ಬಳ್ಳಿಯಿಂದ ಎರಡು ಮೋಟಾರು ತರಿಸಿದರು. ಎರಡೂ ಕುದುರೆಗಳನ್ನು ಮಾರಿಬಿಡುತ್ತೇನೆ ಎಂದು ಕುಳಿತಿದ್ದರು. ದೊಡ್ಡವ್ವ ಅಂಗಳಕ್ಕೆ ಇಳಿಯುತ್ತಿರಲಿಲ್ಲ. "ಆರತಿ ಮಾಡಿ ಕೊಂದೆನೋ ಯಪ್ಪಾ, ನನ್ನ ಕೈಲೆ" ಎಂದು ನನ್ನೆದುರು ಕೈ ಚಾಚಿ ತೋರಿಸಿದರು. ಅಡ್ಡಿ ಇಲ್ಲ ಎಂದು ಹೇಳಿದವನು ನಾನು, ತಪ್ಪು ನಿಮ್ಮದಲ್ಲ, ಎಂದೆ. ಅವರು ನನ್ನ ಮಾತು ತೆಗೆದು ಹಾಕಲಿಲ್ಲ, ನನ್ನನ್ನು ಬೈಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು.

ದೇಸಾಯರಿಗೆ ಇಮಾಮಸಾಬನ ಮಾತು ಹೇಳಿ ಹದಿನೈದು ದಿನ ಕೇಳಿದೆ. "ಮಾಡ್ರಿ" ಅಂದರು. ಆ ಸುತ್ತಿನ ಹಳ್ಳಿಗಳ ದನಗಳಿಗೆ ಚುಚ್ಚುಮದ್ದು ಹಾಕುವ ಕೆಲಸ ಹೇಗೂ ಬಾಕಿ ಇತ್ತು. ಅದನ್ನು ಆಗಲೇ ಹಿಡಿದುಕೊಂಡು ಅಲ್ಲೇ ಉಳಿದೆ. ದಿನವೂ ಬೆಳಗ್ಗೆ, ಸಂಜೆ ವಾಡೆಗೆ ಹೋದೆ. ಟಿಪ್ಪಣಿ ಪುಸ್ತಕದಲ್ಲಿದ್ದದ್ದು ಒಂದೇ ಸಾಲು. ಉಳಿದದ್ದನ್ನು ಅವನ ಮಾತು ನೆನೆದು ಮಾಡಿದೆ. ಹೀರಾಳ ಮೈ ಒರೆಸಿದ ಬಟ್ಟೆಯನ್ನು ಕಾಶಿಯ ಹತ್ತಿರ ಹಾಕಿದೆ. ಮೊದಲ ದಿನ ಅವಳು ಅದನ್ನು ತುಳಿದಳು. ಮೂರನೇ ದಿನ ಮೂಸಿದಳು. ಆಮೇಲೆ ದೂರದಿಂದ ತೋರಿಸಿದೆ. ನಡುವೆ ಗೋಡೆ ಇಟ್ಟು ಕಟ್ಟಿಸಿದೆ. ಗೋಡೆಯ ಮೇಲಿಂದ ಎರಡು ಮೂಗು ಕೂಡಿದಾಗ ಕಾಶಿ ಒಮ್ಮೆ ಕಿರುಚಿದಳು, ನಾನು ಕಟ್ಟೆಯ ಮೇಲೆ ಕುಳಿತುಬಿಟ್ಟೆ. ಹತ್ತನೇ ದಿನ ಹಳ್ಳದ ಬದಿಯ ಬಯಲಿಗೆ ಬಿಟ್ಟೆವು. ಯಲ್ಲಪ್ಪ ಹುಲ್ಲು ಹೊತ್ತು ತಂದು ದೂರ ದೂರ ಮೂರು ಕುಪ್ಪೆ ಹಾಕಿದ. ಕಾಶಿ ಒಂದರಿಂದ ಹೀರಾಳನ್ನು ಓಡಿಸಿದಳು. ಹೀರಾ ಮೂರನೆಯದಕ್ಕೆ ಹೋದಳು. ಮತ್ತೆ ಓಡಿಸಿದಳು, ಹೀರಾ ಎರಡನೆಯದಕ್ಕೆ ಹೋದಳು. ಅವನು ಹೇಳಿದ ಹಾಗೆಯೇ, ಓಡಿಸಿಕೊಂಡವಳಿಗೆ ಯಾವಾಗಲೂ ಒಂದು ಕುಪ್ಪೆ ಸಿಗುತ್ತಿತ್ತು. ಮುದುಕಿಗೆ ಓಡಿಸಿ ಓಡಿಸಿ ಬೇಸರ ಬಂತು.

ಹದಿನೈದನೇ ದಿನ ಸಂಜೆಗೆ ಮೊದಲು ನಾನು ಬಯಲಿಗೆ ಹೋದಾಗ ಮೂರು ಕುಪ್ಪೆಗಳಲ್ಲಿ ಎರಡನ್ನು ಯಾರೂ ಮುಟ್ಟಿರಲಿಲ್ಲ. ಎರಡೂ ಕುದುರೆಗಳ ತಲೆ ಒಂದೇ ಕುಪ್ಪೆಯಲ್ಲಿತ್ತು. ಒಬ್ಬಳ ಬಾಲ ಇನ್ನೊಬ್ಬಳ ನೊಣ ಓಡಿಸುತ್ತಿತ್ತು. ಹೀರಾಳ ಕತ್ತಿನ ಗಾಯ ಒಣಗಿ ಅಲ್ಲಿ ಹೊಸ ಕೂದಲು ಬರುತ್ತಿತ್ತು. ನಾನು ಹತ್ತಿರ ಹೋಗಲಿಲ್ಲ. ಎರಡು ಬಾಯಿ ಅಗಿಯುವ ಸದ್ದು ಕೇಳುತ್ತ ನಿಂತೆ. ಅದು ನಿಲ್ಲುತ್ತದೇನೋ ಎಂದು ಕೊನೆಯ ಎಳೆಯವರೆಗೆ ನಿಂತೆ. ನಿಲ್ಲಲಿಲ್ಲ.

ಯಲ್ಲಪ್ಪ ಪಕ್ಕಕ್ಕೆ ಬಂದ. "ಇನ್ನ ಕೂಡಿದುವಲ್ರಿ. ನಾಳಿಂದ ಒಂದ ಕುಪ್ಪಿ ಹಾಕಲ್ರಿ?"

"ಮೂರ ಹಾಕು" ಅಂದೆ.

ಹೀರಾ ಆ ಮನೆಯಲ್ಲಿ ನಿಂತಳು. ಮುಂದಿನ ವರ್ಷ ಅದೇ ದಾರಿಯಲ್ಲಿ ಹೋಗುವಾಗ ವಾಡೆಗೆ ಹೊಕ್ಕಿದ್ದೆ. ಇಮಾಮಸಾಬನಿಗೆ ಕೊಡುತ್ತೇನೆ ಎಂದಿದ್ದ ಹಿತ್ತಲ ಖೋಲಿಯಲ್ಲಿ ಕುದುರೆಗಳ ಹುಲ್ಲು ಒಟ್ಟಿದ್ದರು.